ಅಜ್ಜಿಗೆ ಓಟು ಪುಕ್ಕಟೆ ಸಿಕ್ತಾ? ಮಗಳ ಡಿಬೇಟಿಗೆ ಪಾಯಿಂಟ್ ಬೇಕು

ಕಾಫಿಕಣದ ಅಕ್ಕ
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು, ಶುಕ್ರವಾರ ಸ್ಕೂಲಲ್ಲಿ ಡಿಬೇಟ್ ಇದೆ, ಟಾಪಿಕ್ಕು "ಭಾರತದ ಹೆಂಗಸರಿಗೆ ಓಟಿನ ಹಕ್ಕು ಹೋರಾಟ ಇಲ್ಲದೇ ಸಿಕ್ತು". ಇವಳು ವಿರೋಧ ಮಾತಾಡ್ಬೇಕು. ನೆಟ್ಟಲ್ಲಿ ಹುಡುಕಿದ್ರೆ ಬರೀ ಅಮೆರಿಕ ಇಂಗ್ಲೆಂಡಿನ ಟೋಪಿ ಹಾಕ್ಕೊಂಡ ಹೆಂಗಸರ ಫೋಟೋನೇ ಬರುತ್ತೆ. ನಮ್ಮನೆಯವರನ್ನ ಕೇಳಿದ್ರೆ "ಸಂವಿಧಾನ ಬಂತು, ಜೊತೆಗೆ ಓಟೂ ಬಂತು, ಅದ್ರಲ್ಲಿ ಹೋರಾಟ ಎಲ್ಲಿಂದ ಬಂತು" ಅಂತ ಹೇಳಿ ಪೇಪರ್ ಮಡಚಿಟ್ಟು ತೋಟಕ್ಕೆ ಹೋದ್ರು. ಮೂರು ದಿನದಿಂದ ಮಳೆ, ಕರೆಂಟು ಬಂದಾಗ ಬರುತ್ತೆ, ಮೊಬೈಲ್ ಚಾರ್ಜ್ ಇರೋವಷ್ಟರಲ್ಲಿ ಯಾರಾದ್ರೂ ಹೇಳಿ ಪ್ಲೀಸ್. ಆದ್ರೆ ನಮ್ಮ ಕೊಡಗಿನದ್ದೂ ಏನಾದ್ರೂ ಇದ್ರೆ ಇನ್ನೂ ಒಳ್ಳೇದು.

ಒಳ್ಳೆಮೆಣಸು
ಅಕ್ಕ ಬೇಜಾರ್ ಮಾಡ್ಕೋಬೇಡಿ, ಆದ್ರೆ ನಿಮ್ಮನೆಯವ್ರು ಹೇಳಿದ್ದು ಸರಿನೇ ಇದೆ. ಅಮೆರಿಕದಲ್ಲಿ 1848ರಲ್ಲಿ ಸೆನೆಕಾ ಫಾಲ್ಸ್ ಅನ್ನೋ ಊರಲ್ಲಿ ಸಭೆ ಸೇರಿ ಕೇಳಿದ್ದು 1920ರಲ್ಲಿ ಸಿಕ್ಕಿದ್ದು, 72 ವರ್ಷ. ಅಲ್ಲಿನ ಓಟಿನ ಹೋರಾಟಗಾರ್ತಿ ಸುಸಾನ್ ಆಂಥನಿ 1872ರಲ್ಲಿ ಸುಮ್ನೆ ಹೋಗಿ ಓಟು ಹಾಕಿದ್ದಕ್ಕೆ ಅರೆಸ್ಟ್ ಮಾಡಿ 100 ಡಾಲರ್ ದಂಡ ಹಾಕಿದ್ರು, ಆಯಮ್ಮ ಕೊನೇವರೆಗೂ ಕಟ್ಟಲೇ ಇಲ್ಲ. ನಮ್ಮಲ್ಲಿ ಹಂಗೆ ಯಾರು ಜೈಲಿಗೆ ಹೋದ್ರು ಓಟಿಗೋಸ್ಕರ? 1950ರ ಜನವರಿ 26, ಒಂದೇ ದಿನ, ಗಂಡಸ್ರಿಗೂ ಹೆಂಗಸ್ರಿಗೂ ಒಟ್ಟಿಗೆ. ಮಗಳಿಗೆ ಸೈಡ್ ಚೇಂಜ್ ಮಾಡ್ಸಿ 😀

ಹಳೇ ಮಾಸ್ತರು
ಸೈಡ್ ಏನೂ ಚೇಂಜ್ ಮಾಡ್ಸೋದು ಬೇಡ. ನಾನು ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವ, ಈ "ಪುಕ್ಕಟೆ ಸಿಕ್ತು" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ.

1917ರ ಡಿಸೆಂಬರಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗು ಮದ್ರಾಸಿಗೆ ಬಂದಾಗ ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಹೆಂಗಸರ ಒಂದು ನಿಯೋಗ ಹೋಗಿ ಅವನನ್ನೂ ವೈಸ್‌ರಾಯ್ ಚೆಮ್ಸ್‌ಫರ್ಡನ್ನೂ ನೋಡ್ತು. ಕೇಳಿದ್ದು ಇಷ್ಟೇ, ಗಂಡಸರಿಗೆ ಯಾವ ಲೆಕ್ಕದಲ್ಲಿ ಓಟು ಕೊಡ್ತೀರೋ ಅದೇ ಲೆಕ್ಕದಲ್ಲಿ ನಮಗೂ ಕೊಡಿ. ತಾರೀಕು ಗಮನಿಸಿ, ಆಗ ಇಂಗ್ಲೆಂಡಿನ ಹೆಂಗಸರಿಗೇ ಪಾರ್ಲಿಮೆಂಟಿನ ಓಟು ಇರ್ಲಿಲ್ಲ! ಅವರಿಗೆ ಬಂದಿದ್ದು 1918ರಲ್ಲಿ, ಅದೂ ಮೂವತ್ತು ತುಂಬಿರಬೇಕು ಆಸ್ತಿ ಲೆಕ್ಕ ಬೇರೆ, ಸಮಸಮ ಆಗಿದ್ದು 1928ರಲ್ಲಿ. ಆಮೇಲೆ ಯಾರಿಗೆ ಓಟು ಕೊಡ್ಬೇಕು ಅಂತ ನೋಡೋಕೆ ಸೌತ್‌ಬರೋ ಕಮಿಟಿ ಅಂತ ಒಂದು ಬಂತು, ಊರೂರು ಸುತ್ತಿ ಹೋಗಿ ಏನು ಬರೀತು ಗೊತ್ತಾ, ಭಾರತದ ಸಮಾಜ ಇದಕ್ಕೆ ಇನ್ನೂ ತಯಾರಿಲ್ಲ, ಪರದೆ ಪದ್ಧತಿ ಇದೆ, ಈಗ ಬೇಡ ಅಂತ. ಬೇಡ ಅಂದ್ರು ಅಂತ ಇವರು ಮನೇಲಿ ಕೂತ್ರಾ? ಸರೋಜಿನಿ, ಆನಿ ಬೆಸೆಂಟ್, ಬಾಂಬೆಯ ತಾಯಿ ಮಗಳು ಹೇರಾಬಾಯಿ ಟಾಟಾ ಮಿಥಾನ್ ಟಾಟಾ ಎಲ್ಲ 1919ರಲ್ಲಿ ಲಂಡನ್ನಿಗೇ ಹೋಗಿ ಸಾಕ್ಷಿ ಹೇಳಿ ಬಂದ್ರು. ಹಡಗಲ್ಲಿ, ವಾರಗಟ್ಟಲೆ. ಕೊನೆಗೆ ಬ್ರಿಟಿಷರು ನುಣುಚ್ಕೊಂಡು "ಆಯಾ ಪ್ರಾಂತ್ಯದ ಕೌನ್ಸಿಲ್‌ಗಳೇ, ಅಂದ್ರೆ ಶಾಸನಸಭೆಗಳೇ, ತೀರ್ಮಾನ ಮಾಡ್ಲಿ" ಅಂದ್ಬಿಟ್ರು. ಮದ್ರಾಸು ಬಾಂಬೆ ಎರಡೂ 1921ರಲ್ಲಿ ಕೊಟ್ವು, ಮೈಸೂರು ಸಂಸ್ಥಾನ ಅದೇ ದಶಕದಲ್ಲಿ. ಇದಕ್ಕೆ ಪುಕ್ಕಟೆ ಅಂತಾರಾ ಮೆಣಸಿನವ್ರೇ?

ಸಂಪಾಜೆ ಗಡಿ
ಮಾಸ್ತರೇ ಒಂದು ನಿಮಿಷ, ಮದ್ರಾಸ್ ಅಂದ್ರೆ ನಮ್ಮ ದಕ್ಷಿಣ ಕನ್ನಡನೂ ಬಂತಲ್ಲ ಆವಾಗ. ಹಂಗಾದ್ರೆ ಘಾಟಿ ಇಳಿದು ಸುಳ್ಯ ಪುತ್ತೂರು ಕಡೆ ಆಸ್ತಿ ಇರೋ ಹೆಂಗಸಿಗೆ 1921ಕ್ಕೇ ಓಟು, ಮೇಲೆ ನಮ್ಮ ಕಡೆ ಬೇರೆ ಕಾನೂನು. ಒಂದೇ ಊರು ಸಂಪಾಜೆ, ಅರ್ಧ ಕೊಡಗು ಅರ್ಧ ದಕ್ಷಿಣ ಕನ್ನಡ, ಹೊಳೆ ಆಚೆ ತವರು ಈಚೆ ಗಂಡನ ಮನೆ, ಈಗ್ಲೂ ಹಂಗೇ. ನನ್ನ ಹೆಂಡ್ತಿದೇ ಹಂಗೆ. ಅಂದ್ರೆ ಆ ಕಾಲದಲ್ಲಿ ತವರಲ್ಲಿ ಓಟು ಹಾಕೋ ಲೆಕ್ಕದಲ್ಲಿ ಇದ್ದವಳು ಮದುವೆ ಆಗಿ ಘಾಟಿ ಹತ್ತಿದ ಕೂಡ್ಲೇ ಲೆಕ್ಕವೇ ಬೇರೆ ಮಾರಾಯ್ರೆ!

ಹಳೇ ಮಾಸ್ತರು
ಒಳ್ಳೆ ಮಾತು ಹೇಳಿದ್ರಿ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಕೌನ್ಸಿಲ್ಲಿಗೆ ಎಲೆಕ್ಷನ್ನಿಗೆ ನಿಂತಿದ್ದು ಇದೇ ಲೆಕ್ಕದಲ್ಲಿ, ಸ್ವಲ್ಪದರಲ್ಲಿ ಸೋತ್ರು. ಆಗ ಅವರಿಗಿನ್ನೂ 23 ವರ್ಷ. ಮುತ್ತುಲಕ್ಷ್ಮಿ ರೆಡ್ಡಿ ಅದೇ ಕೌನ್ಸಿಲ್ಲಿಗೆ ನಾಮಿನೇಟ್ ಆಗಿ ಉಪಾಧ್ಯಕ್ಷೆನೂ ಆದ್ರು. ಮಗಳಿಗೆ ಕಮಲಾದೇವಿ ಹೆಸರು ಖಂಡಿತ ಹೇಳಕ್ಕೆ ಹೇಳಿ ಅಕ್ಕ, ಪಕ್ಕದೂರಿನವರು.

ಒಳ್ಳೆಮೆಣಸು
ಸರಿ ಮಾಸ್ತರೇ, ಒಂದು ಪಾಯಿಂಟ್ ನಿಮಗೆ. ಆದ್ರೆ ನಾನೂ ಸ್ವಲ್ಪ ಓದ್ಕೊಂಡ್ ಬಂದೆ ಈಗ. ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೇಲಿ ಸೈನಿಕರ ಪೆನ್ಶನ್ ತಗೊಳ್ಳೋ ವಿಧವೆಗೂ ತಾಯಿಗೂ ಓಟಿತ್ತಂತೆ. ಕೊಡಗಲ್ಲಿ ಮನೆಗೊಬ್ಬ ಮಿಲಿಟರಿ, ಅಂದ್ಮೇಲೆ ನಮ್ಮ ಅಜ್ಜಿಯರಿಗೆ 1950ಕ್ಕಿಂತ ಮುಂಚೆನೇ ಓಟು ಇದ್ದಿರ್ಬೇಕಲ್ವಾ?

ಹಳೇ ಮಾಸ್ತರು
ಇಲ್ಲಿ ಎಡವಿದ್ರಿ, ತುಂಬಾ ಜನ ಎಡವೋ ಜಾಗ ಇದು. 1935ರ ಆ ಅರ್ಹತೆ ಪಟ್ಟಿ ಗವರ್ನರ್ ಇದ್ದ ಪ್ರಾಂತ್ಯಗಳಿಗೆ, ಮದ್ರಾಸು ಬಾಂಬೆ ಬಂಗಾಳ ಇಂಥವಕ್ಕೆ. ಕೊಡಗು ಚೀಫ್ ಕಮಿಷನರ್ ಪ್ರಾಂತ್ಯ, ಅಂದ್ರೆ ಗವರ್ನರ್ ಇಲ್ದೆ ದೆಹಲಿಯ ನೇರ ಆಳ್ವಿಕೆ. ನಮಗೆ 1924ರಿಂದ ಬೇರೆಯದೇ ಒಂದು ಪುಟ್ಟ ಕೌನ್ಸಿಲ್ ಇತ್ತು, 20 ಜನ, 15 ಜನ ಚುನಾಯಿತರು, 5 ಜನ ನಾಮಿನೇಟ್ ಆದವರು. 1935ರ ಕಾಯ್ದೆ ಅದನ್ನ ಇದ್ದ ಹಾಗೇ ಇರ್ಲಿ ಅಂತ ಬಿಟ್ಟುಬಿಡ್ತು.

ಇನ್ನೊಂದು. ಆ 1935ರ ಪಟ್ಟಿ ನೋಡಿ ಸಂತೋಷ ಪಡೋ ಹಾಗೇನಿಲ್ಲ. ಹೆಂಗಸಿಗೆ ಓಟು ಬೇಕಂದ್ರೆ ಅವಳ ಹೆಸರಲ್ಲಿ ಆಸ್ತಿ ಇರಬೇಕು, ಇಲ್ಲಾ ಓದು ಬರಹ ಬರಬೇಕು, ಇಲ್ಲಾ ಗಂಡನಿಗೆ ಆಸ್ತಿ ಇರಬೇಕು. ಅಂದ್ರೆ "ಇಂಥವನ ಹೆಂಡತಿ" ಅಂತ ಓಟು. ಅಖಿಲ ಭಾರತ ಮಹಿಳಾ ಸಮ್ಮೇಳನ ಮತ್ತೆ ಉಳಿದ ಹೆಂಗಸರ ಸಂಘದವರು ಇದನ್ನ ಬೇಡ ಅಂತ ವಿರೋಧಿಸಿದ್ರು, ಸಿಕ್ಕಿದ್ದು ತಗೊಳ್ಳೋಣ ಅನ್ನಲಿಲ್ಲ. ಗಂಡನ ದೆಸೆಯಿಂದ ಬರೋ ಓಟು ನಮಗೆ ಬೇಡ, ವಯಸ್ಸಾದ ಎಲ್ಲರಿಗೂ ಕೊಡಿ ಅಂತ. ಮಾತು ನಡೀಲಿಲ್ಲ. ದೇಶದಲ್ಲಿ ಸುಮಾರು 60 ಲಕ್ಷ ಹೆಂಗಸರಿಗೆ ಮಾತ್ರ ಬಂತು.

ಮಂಜಿನ ಮಡಿಕೇರಿ
ನಾನು ಸೀರಿಯಸ್ ಮಾತಾಡೋಳಲ್ಲ ಆದ್ರೂ ಒಂದು ಹೇಳ್ತೀನಿ. ಟೂರಿಸ್ಟುಗಳು ಬಂದು ರಾಜಾಸೀಟಲ್ಲಿ ನಿಂತು "ವಾವ್ ಸೇಮ್ ಸ್ವಿಟ್ಜರ್ಲೆಂಡ್" ಅಂತಾರಲ್ಲ, ಆ ಸ್ವಿಟ್ಜರ್ಲೆಂಡಲ್ಲಿ ಹೆಂಗಸರಿಗೆ ದೇಶದ ಮಟ್ಟದ ಓಟು ಬಂದಿದ್ದು 1971ರಲ್ಲಿ. ನಮ್ಮಜ್ಜಿ 1952ರಲ್ಲೇ ಹಾಕಿ ಆಗಿತ್ತು. ಅಲ್ಲೊಂದು ಕಡೆ, ಅಪೆನ್‌ಜೆಲ್ ಅನ್ನೋ ಬೆಟ್ಟದೂರಲ್ಲಿ, ಲೋಕಲ್ ಎಲೆಕ್ಷನ್ನಿಗೆ 1990ರವರೆಗೂ ಬಿಡ್ಲಿಲ್ಲ, ಅದೂ ಕೋರ್ಟು ಹೇಳಿದ್ಮೇಲೆ. ಇನ್ಮೇಲೆ ಅವರ ಊರಿಗೆ ಹೋಗಿ "ವಾವ್ ಸೇಮ್ ಕೂರ್ಗ್" ಅನ್ಬೇಕು ನಾವು.

ಬೆಂಗಳೂರಲ್ಲಿರೋ ಪೊನ್ನಂಪೇಟೆ
😂😂 ಅಮೆರಿಕದ್ದೂ ಅಕ್ಕ ಮಗಳಿಗೆ ಹೇಳಿ, ಎದುರಾಳಿ ಅದನ್ನೇ ಹಿಡ್ಕೊಂಡು ಬರ್ತಾರೆ. 1920ರ ಆಗಸ್ಟಲ್ಲಿ ಹೆಂಗಸರ ಓಟಿನ ಸಂವಿಧಾನ ತಿದ್ದುಪಡಿಗೆ 36ನೇ ರಾಜ್ಯ ಒಂದು ಒಪ್ಪಿದ್ರೆ ಸಾಕಿತ್ತು, ಟೆನೆಸ್ಸಿ. ಸದನದಲ್ಲಿ ಪ್ರಸ್ತಾಪ ಪಕ್ಕಕ್ಕಿಡೋಣ ಅನ್ನೋದಕ್ಕೆ 48-48 ಸಮ ಆಯ್ತು. ಹ್ಯಾರಿ ಬರ್ನ್ ಅಂತ 24 ವರ್ಷದ ಹುಡುಗ, ಕೋಟಿಗೆ ಕೆಂಪು ಗುಲಾಬಿ ಚುಚ್ಕೊಂಡು ವಿರೋಧದ ಕಡೆ ಕೂತಿದ್ದ, ಜೇಬಲ್ಲಿ ಅಮ್ಮನ ಕಾಗದ ಇತ್ತು, ಒಪ್ಪಿಬಿಡು ಮಗನೇ ಅಂತ ಬರೆದಿದ್ದು. ಹೆಸರು ಕರೆದಾಗ ಹೌದು ಅಂದ್ಬಿಟ್ಟ. ಅಮ್ಮನ ಮಾತು ಕೇಳೋ ಮಗ ಅಂದ್ರೆ ಇವನಪ್ಪ.
ಆದ್ರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹೆಂಗಸರನ್ನ ತೆರಿಗೆ, ಓದುವ ಪರೀಕ್ಷೆ ಅದೂ ಇದೂ ಅಂತ 1965ರ ಕಾನೂನು ಬರೋವರೆಗೂ ಹೊರಗೇ ಇಟ್ಟಿದ್ರು. ನಮ್ಮಲ್ಲಿ ಓದಕ್ಕೆ ಬರುತ್ತಾ ಅಂತ ಯಾರೂ ಕೇಳ್ಲಿಲ್ಲ. 1951ರ ಜನಗಣತೀಲಿ ಓದಬಲ್ಲ ಹೆಂಗಸರು ನೂರಕ್ಕೆ ಒಂಬತ್ತು ಜನ ಅಷ್ಟೇ, ಓದೋಕೆ ಬರ್ಬೇಕು ಅಂದಿದ್ರೆ ನಮ್ಮ ಅಜ್ಜಿಯರೆಲ್ಲ ಔಟ್.

ಲೈನ್‌ಮನೆ ಮೊಮ್ಮಗ
ನಾನು ಈ ಗುಂಪಲ್ಲಿ ಸುಮ್ನೆ ಓದ್ತಾ ಇರೋನು, ಬರೆಯೋದು ಕಮ್ಮಿ. ಅಜ್ಜಿ ಅಂದಿದ್ದಕ್ಕೆ ಬರೀತಿದೀನಿ, ಉದ್ದ ಆಗುತ್ತೆ.

ನಮ್ಮಜ್ಜಿ ಹಾಸನದ ಕಡೆಯೋರು, ಸಿದ್ದಾಪುರ ಹತ್ರ ಒಂದು ಎಸ್ಟೇಟಿಗೆ ಕಾಫಿ ಕುಯ್ಯೋಕೆ ಬಂದು ಇಲ್ಲೇ ನಿಂತೋರು. ಎಸ್ಟೇಟ್ ಹೆಸರು ಬೇಡ. ಮೊದಲ್ನೇ ಎಲೆಕ್ಷನ್ನಿಗೆ ಹೆಸರು ಬರ್ಕೊಳ್ಳೋಕೆ ಲೈನಿಗೆ, ಅಂದ್ರೆ ಎಸ್ಟೇಟ್ ಕೂಲಿಯವರ ಸಾಲುಮನೆಗೆ, ಒಬ್ರು ಬಂದಿದ್ರಂತೆ, ಸಂಜೆ ಹೊತ್ತು, ಜೊತೆಗೆ ಎಸ್ಟೇಟ್ ರೈಟರ್ರು ಲಾಟೀನು ಹಿಡ್ಕೊಂಡು. ಅಜ್ಜಿ ಒಲೆ ಮುಂದಿಂದ ಎದ್ದು ಬಂದು ಬಾಗಿಲ ಹಿಂದೆ ನಿಂತ್ರು. ಹೆಸರೇನು ಅಂದ್ರೆ "ಬೋರಣ್ಣನ ಹೆಂಡ್ತಿ" ಅಂದ್ರು. ಅದಲ್ಲಮ್ಮ ನಿನ್ ಹೆಸ್ರು ಹೇಳು ಅಂದ್ರೆ ಮಾತೇ ಇಲ್ಲ. ಅಪರಿಚಿತ ಗಂಡಸಿನ ಮುಂದೆ ಹೆಸರು ಹೇಳೋದು ಅಂದ್ರೆ ಅವರಿಗೆ ಮೈಮೇಲಿನ ಸೆರಗು ತೆಗೆದ ಹಾಗೆ. ಗಂಡ ಅಲ್ಲೇ ಇದ್ರು, ಅವರೂ ಹೇಳ್ಲಿಲ್ಲ, ಹೆಂಡ್ತಿ ಹೆಸರು ಹಿಡಿದು ಕರೆದೋರೇ ಅಲ್ಲ ಅವರು, "ಏಯ್" ಅಂತಿದ್ರು ಅಷ್ಟೇ. ಬರ್ಕೊಳ್ಳೋರಿಗೆ ಅವಸರ, ಮುಂದೆ ಇನ್ನೂ ಹತ್ತು ಮನೆ. ರೈಟರ್ರು "ಲಕ್ಷ್ಮಿ ಅಂತ ಹಾಕಿ ಸಾರ್" ಅಂದ್ರು. ಪಕ್ಕದ ಮನೇಲೂ ಹಂಗೇ ಆಯ್ತು. ಆ ಲೈನಲ್ಲಿ ಹನ್ನೊಂದು ಮನೇಲಿ ನಾಲ್ಕು ಜನ ಲಕ್ಷ್ಮಿ.

ಅಜ್ಜಿ ನಿಜವಾದ ಹೆಸರು ಕೆಂಪಮ್ಮ.

ಓಟಿನ ದಿನ ಎಲ್ಲ ಒಟ್ಟಿಗೆ ನಡ್ಕೊಂಡು ಹೋದ್ರಂತೆ, ಮೇಸ್ತ್ರಿ ಮುಂದೆ, ಹೆಂಗಸರು ಹಿಂದೆ. ಒಳಗೆ ಹೋದ್ರೆ ಕಬ್ಬಿಣದ ಪೆಟ್ಟಿಗೆಗಳು ಸಾಲಾಗಿ, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು, ಮೇಲೆ ಚಿತ್ರ ಅಂಟ್ಸಿದ್ರು. ಈಗಿನ ಹಾಗೆ ಮುದ್ರೆ ಒತ್ತೋದಿಲ್ಲ ಬಟನ್ ಇಲ್ಲ, ಕೊಟ್ಟ ಚೀಟಿನ ಬೇಕಾದ ಪೆಟ್ಟಿಗೆಗೆ ಹಾಕೋದು. ಒಂದರ ಮೇಲೆ ನೊಗ ಹೊತ್ತ ಜೋಡೆತ್ತು, ಆಗಿನ ಕಾಂಗ್ರೆಸ್ ಗುರುತು ಅದು, ಇನ್ನೊಂದರ ಮೇಲೆ ತಕ್ಕಡಿ. ಅಜ್ಜಿ ಎತ್ತಿಗೆ ಹಾಕಿದ್ರು. ಯಾಕಜ್ಜಿ ಅಂತ ಕೇಳಿದ್ದೆ ನಾನು, ಹೈಸ್ಕೂಲಲ್ಲಿದ್ದಾಗ. "ತಕ್ಕಡಿ ದಿನಾ ನೋಡ್ತಿದ್ದೆ ಕಣೋ ಅಂಗಡೀಲಿ, ಅಕ್ಕಿ ತೂಗುವಾಗ ಒಂದ್ ದಿನನೂ ಸರಿಯಾಗಿ ನಿಂತಿದ್ದು ಕಾಣೆ. ಎತ್ತು ಮೋಸ ಮಾಡಲ್ಲ" ಅಂದ್ರು.

ಆಗ ಬೇರೆ ರಾಜ್ಯ ಆಗಿದ್ದ ಕೊಡಗು ಮೈಸೂರಿಗೆ ಸೇರ್ಬೇಕಾ ಬೇಡ್ವಾ ಅಂತ ಅಷ್ಟು ದೊಡ್ಡ ಜಗಳ ನಡೀತಿತ್ತಂತೆ ಹೊರಗೆ, ಅಜ್ಜಿಗೆ ಅದು ಯಾವುದೂ ಗೊತ್ತಿರ್ಲಿಲ್ಲ.

ಸಂಪಾಜೆ ಗಡಿ
ಎತ್ತು ಮೋಸ ಮಾಡಲ್ಲ 👏 ಇದಕ್ಕಿಂತ ಒಳ್ಳೆ ಚುನಾವಣಾ ವಿಶ್ಲೇಷಣೆ ಯಾವ ಟಿವಿಲೂ ಕೇಳಿಲ್ಲ.

ಹಳೇ ಮಾಸ್ತರು
ಲೈನ್‌ಮನೆ ಮೊಮ್ಮಗ ಅವರೇ, ನೀವು ಬರೆದಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಿಮ್ಮಜ್ಜಿ ಕಥೆ ದೇಶದ ಕಥೆನೇ. ಸಂವಿಧಾನ ಇನ್ನೂ ಬರೀತಾ ಇರುವಾಗಲೇ, 1947ರ ಕೊನೆಯಿಂದಲೇ, ಮತದಾರರ ಪಟ್ಟಿ ಕೆಲಸ ಶುರುವಾಗಿತ್ತು. ಅದರಲ್ಲಿ ಲಕ್ಷಾಂತರ ಹೆಂಗಸರು ಇಂಥವನ ಹೆಂಡತಿ, ಇಂಥವನ ತಾಯಿ, ಇಂಥವನ ಮಗಳು ಅಂತ ಬರೆಸಿದ್ರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಅದು ಆಗಲ್ಲ, ಸ್ವಂತ ಹೆಸರೇ ಬೇಕು ಅಂತ ಪಟ್ಟು ಹಿಡಿದ್ರು. ಟೈಮ್ ಕೊಟ್ರು, ಸರಿಪಡಿಸಿ ಅಂದ್ರು. ಕೊನೆಗೂ ಹೆಸರು ಹೇಳದೆ ಉಳಿದ ಸುಮಾರು 28 ಲಕ್ಷ ಹೆಂಗಸರನ್ನ ಪಟ್ಟಿಯಿಂದ ತೆಗೆದೇ ಹಾಕಿದ್ರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯ ಭಾರತದ ಕಡೆಯವರು. ನಿಮ್ಮಜ್ಜಿ ಲಕ್ಷ್ಮಿ ಆಗಿದ್ದಕ್ಕೇ ಉಳ್ಕೊಂಡ್ರು.

ಒಳ್ಳೆಮೆಣಸು
28 ಲಕ್ಷ ಹೆಂಗಸರ ಓಟು ಕಿತ್ಕೊಂಡಿದ್ದು ಸರಿನಾ ಮಾಸ್ತರೇ? ಒಂದು ಕಡೆ 325ನೇ ವಿಧಿ ಲಿಂಗದ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ಬಿಡಬಾರ್ದು ಅನ್ನುತ್ತೆ, ಇನ್ನೊಂದು ಕಡೆ ಹೆಸರು ಹೇಳಲು ನಾಚಿದ್ದಕ್ಕೆ ಔಟ್.

ಹಳೇ ಮಾಸ್ತರು
ನಾನು ಸೇನ್ ಪರ. "ಬೋರಣ್ಣನ ಹೆಂಡತಿ" ಅಂತ ಒಪ್ಕೊಂಡಿದ್ರೆ ಅದು 1935ರ ಕಾಯ್ದೆನೇ ಹಿಂಬಾಗಿಲಿಂದ ಬಂದ ಹಾಗಾಗ್ತಿತ್ತು. ಮುಂದಿನ ಚುನಾವಣೆಗೆ ಹೆಚ್ಚಿನವರು ಹೆಸರು ಹೇಳಿ ಬರೆಸ್ಕೊಂಡ್ರು.

ಬೆಂಗಳೂರಲ್ಲಿರೋ ಪೊನ್ನಂಪೇಟೆ
ನಾನು ಅಷ್ಟು ಸುಲಭಕ್ಕೆ ಒಪ್ಪಲ್ಲ ಸರ್. ಮನೆ ಬಾಗಿಲಿಗೆ ಒಬ್ಬ ಹೆಂಗಸನ್ನ ಕಳ್ಸಿದ್ರೆ ಹೆಸರು ಹೇಳ್ತಿದ್ರು ಅಲ್ವಾ. ಬೂತಲ್ಲಿ ಆ ಬುದ್ಧಿ ಬಂತು, ಹೆಂಗಸರಿಗೇ ಅಂತ 27 ಸಾವಿರಕ್ಕೂ ಹೆಚ್ಚು ಬೇರೆ ಬೂತು ಮಾಡಿದ್ರು, ಪಟ್ಟಿ ಬರೆಯುವಾಗ ಯಾಕೆ ಬರ್ಲಿಲ್ಲ? ತಪ್ಪು ಮಾಡಿದ್ದು ಬರ್ಕೊಳ್ಳೋರು, ಶಿಕ್ಷೆ ಬಾಗಿಲ ಹಿಂದೆ ನಿಂತೋರಿಗೆ.

ಹಳೇ ಮಾಸ್ತರು
ಹ್ಮ್. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಕುಶಾಲನಗರ ಸೇತುವೆ
ಎಲೆಕ್ಷನ್ ಮಾತು ಬಂತಲ್ಲ, ಈ ಸಲ ಕೋವಿ ಸ್ಟೇಷನ್ನಿಗೆ ಇಡ್ಬೇಕಾ ಹೆಂಗೆ? ಯಾರಿಗಾದ್ರೂ ಗೊತ್ತಾ

ಮಂಜಿನ ಮಡಿಕೇರಿ
ಅಣ್ಣ ಅದಕ್ಕೆ ಬೇರೆ ಟಾಪಿಕ್ ಹಾಕಿ, ಇಲ್ಲಿ ಅಜ್ಜಿಯರ ಕಥೆ ನಡೀತಿದೆ.

ನಮ್ಮಜ್ಜಿದೂ ಹೇಳ್ತೀನಿ, ಚಿಕ್ಕದು. ನಮ್ಮದು ಐನ್‌ಮನೆ, ಅಂದ್ರೆ ಕುಲದ ಮೂಲಮನೆ, ಕೂಡು ಕುಟುಂಬ, ತಾತ ತಕ್ಕಡಿ ಪಾರ್ಟಿ, ಅಂದ್ರೆ ಮೈಸೂರಿಗೆ ಸೇರೋದು ಬೇಡ ಅನ್ನೋ ಪಂದ್ಯಂಡ ಬೆಳ್ಯಪ್ಪನವರ ಕಡೆ. ಮನೇಲಿ ಎಲ್ಲರೂ ತಕ್ಕಡಿಗೇ ಅಂತ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ತೀರ್ಮಾನ. ಅಜ್ಜಿ ಹೂಂ ಅಂದ್ರು. ವಾಪಸ್ ಬಂದ್ಮೇಲೆ ತಾತ ಕೇಳಿದ್ರೆ "ಗುಟ್ಟಾಗಿ ಹಾಕ್ಬೇಕು ಅಂತ ಆ ಆಫೀಸರ್ ಹೇಳಿದ್ರಲ್ಲ" ಅಂದ್ರಂತೆ. ತಾತ ಸಾಯೋವರೆಗೆ ಪ್ರತಿ ಎಲೆಕ್ಷನ್ನಿಗೂ ಕೇಳ್ತಿದ್ರು, ಇವರು ಪ್ರತಿ ಸಲ ಅದೇ ಉತ್ತರ. ನಾವು ಮೊಮ್ಮಕ್ಕಳು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಅಜ್ಜಿ ತೀರ್ಕೊಂಡು ಹದಿನಾಲ್ಕು ವರ್ಷ ಆಯ್ತು, ಈಗ್ಲೂ ಗೊತ್ತಿಲ್ಲ.

ಹಳೇ ಮಾಸ್ತರು
ಆ ಎಲೆಕ್ಷನ್ನಲ್ಲಿ ಕೊಡಗಿನ 24 ಸೀಟಿನ ವಿಧಾನಸಭೇಲಿ ಕಾಂಗ್ರೆಸ್ಸಿಗೆ 15, ತಕ್ಕಡಿ ಕಡೆಗೆ 9 ಬಂತು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆದ್ರು, ಸಂವಿಧಾನ ಸಭೇಲಿ ಕೊಡಗಿನ ಪ್ರತಿನಿಧಿ ಆಗಿದ್ದವರೂ ಅವರೇ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರಿಗೆ ಸೇರ್ತು. ಮಂಜಮ್ಮನವರ ಅಜ್ಜಿ ಯಾವ ಕಡೆ ಇದ್ರೋ ಏನೋ!

ಅಕ್ಕ, ಡಿಬೇಟಿಗೆ ಇನ್ನೊಂದು ಮಾತ್ರ ಸೇರಿಸಿ. ಸಂವಿಧಾನ ಸಭೇಲಿ 15 ಜನ ಹೆಂಗಸರಿದ್ರು, ಹಂಸಾ ಮೆಹ್ತಾ, ದುರ್ಗಾಬಾಯಿ, ಅಮ್ಮು ಸ್ವಾಮಿನಾಥನ್, ಕೊಚ್ಚಿಯ ದಾಕ್ಷಾಯಣಿ ವೇಲಾಯುಧನ್, ಬೇಗಂ ಐಜಾಜ್ ರಸೂಲ್. ದಾಕ್ಷಾಯಣಿ ಒಬ್ಬರೇ ದಲಿತ ಮಹಿಳೆ. ವಯಸ್ಕರೆಲ್ಲರಿಗೂ ಓಟು ಅನ್ನೋ 326ನೇ ವಿಧಿ ಬರೋ ಹೊತ್ತಿಗೆ "ಹೆಂಗಸರಿಗೆ ಕೊಡೋದಾ ಬೇಡ್ವಾ" ಅನ್ನೋ ಜಗಳವೇ ಉಳಿದಿರ್ಲಿಲ್ಲ, ಯಾಕಂದ್ರೆ ಆ ಜಗಳ ಅದಕ್ಕೆ ಮುಂಚಿನ ಮೂವತ್ತು ವರ್ಷ ಆಡಿ ಮುಗಿಸಿದ್ರು. 1928ರ ನೆಹರೂ ವರದೀಲಿ ಬಂತು, 1931ರ ಕರಾಚಿ ಕಾಂಗ್ರೆಸ್ಸಲ್ಲಿ ಬಂತು. ಕೊನೇ ದಿನ ಮಾತ್ರ ನೋಡಿದವರಿಗೆ ಪುಕ್ಕಟೆ ಅನ್ಸುತ್ತೆ, ಗದ್ದೆ ನಾಟಿ ನೋಡದವರಿಗೆ ಅಕ್ಕಿ ಅಂಗಡೀಲಿ ಬೆಳೆಯುತ್ತೆ.

ಒಳ್ಳೆಮೆಣಸು
ಅದು ನನಗೇ ಅಂತ ಗೊತ್ತಾಯ್ತು ಬಿಡಿ ಮಾಸ್ತರೇ 😀 ಒಪ್ಪಿದೆ. ಪೂರ್ತಿ ಅಲ್ಲ, ಮುಕ್ಕಾಲು. ಮದ್ರಾಸು ಬಾಂಬೆ ಹೆಂಗಸರು ಕೇಳಿದ್ದು ನಿಜ, ಆದ್ರೆ ಕೊಡಗಿನ ಲೈನ್‌ಮನೆ ಕೆಂಪಮ್ಮನಿಗೆ ಯಾರೋ ಕೇಳಿ ತಂದ್ಕೊಟ್ಟಿದ್ದೇ ತಾನೆ?

ಲೈನ್‌ಮನೆ ಮೊಮ್ಮಗ
ತಂದ್ಕೊಟ್ಟಿದ್ದು ನಿಜ ಅಣ್ಣ. ಇಟ್ಕೊಂಡಿದ್ದು ಅವರೇ.

ಅದರ ಮುಂದಿನ ಕಥೆ ಹೇಳ್ಬಿಡ್ತೀನಿ. ವಯಸ್ಸಾದ್ಮೇಲೆ ಅಜ್ಜಿಗೆ ಪೆನ್ಶನ್ ಬರ್ತಿತ್ತು, ರೇಷನ್ ಕಾರ್ಡಲ್ಲಿ ಕೆಂಪಮ್ಮ, ವೋಟರ್ ಕಾರ್ಡಲ್ಲಿ ಲಕ್ಷ್ಮಿ. ಒಂದಿನ ಇಬ್ರೂ ಒಬ್ರೇನಾ ಅಂತ ಕೇಳಿ ನಿಲ್ಲಿಸ್ಬಿಟ್ರು. ಯಾವ ಆಫೀಸು ಅಂತ ಬೇಡ, ಏಳು ತಿಂಗಳು ಅಲೆದೆ. ಅಫಿಡವಿಟ್ ಮಾಡ್ಸಿದೆ, ಫೋಟೋ ತೆಗೆಸಿದೆ, ಕೊನೆಗೆ ಅಲ್ಲೊಬ್ಬ ಕ್ಲರ್ಕ್ ಒಳ್ಳೇವ್ರು, "ಸುಲಭ ಇದೆ, ಫಾರಂ 8 ತುಂಬಿ ವೋಟರ್ ಲಿಸ್ಟಲ್ಲಿ ಹೆಸರು ಕೆಂಪಮ್ಮ ಅಂತ ಮಾಡ್ಸಿ" ಅಂದ್ರು. ಫಾರಂ ತಂದು ಅಜ್ಜಿ ಹತ್ರ ಹೆಬ್ಬೆಟ್ಟು ಒತ್ಸೋಕೆ ಇಂಕ್ ಪ್ಯಾಡ್ ತೆಗೆದ್ರೆ ಕೈ ಹಿಂದಕ್ಕೆ ಎಳ್ಕೊಂಡ್ರು. ಆಗಲ್ಲ ಅಂದ್ರು. ರೇಷನ್ ಕಾರ್ಡಲ್ಲಿ ಬೇಕಾದ್ರೆ ಬದಲಾಯ್ಸು ಅಂದ್ರು. ಅಲ್ಲಜ್ಜಿ ಅದು ಯಾರೋ ರೈಟರ್ ಇಟ್ಟ ಸುಳ್ಳು ಹೆಸರು ಅಂದೆ. "ಮನೇಲಿ ಆ ಕೆಂಪಮ್ಮನ್ನ ಯಾವನು ಏನು ಕೇಳ್ದ? ಐದು ವರ್ಷಕ್ಕೊಂದ್ ಸಲ ಜೀಪ್ ತಗೊಂಡ್ ಬಂದು ಕೈಮುಗ್ದಿದ್ದೆಲ್ಲ ಲಕ್ಷ್ಮಿಗೆ ಕಣೋ" ಅಂದ್ರು.

ಆಮೇಲೆ ರೇಷನ್ ಕಾರ್ಡನ್ನೇ ಬದಲಾಯ್ಸಿದ್ವಿ. ಇನ್ನೂ ಮೂರು ತಿಂಗಳು ಹಿಡೀತು.

ಕಾಫಿಕಣದ ಅಕ್ಕ
ಕರೆಂಟು ಈಗ ಬಂತು, ಎಲ್ಲ ಒಟ್ಟಿಗೆ ಓದಿದೆ. ಮಗಳಿಗೂ ಓದಿ ಹೇಳಿದೆ. ಮಾಸ್ತರೇ ತುಂಬಾ ಥ್ಯಾಂಕ್ಸ್, 1917ರ ನಿಯೋಗ, ಕಮಲಾದೇವಿ, 28 ಲಕ್ಷ ಇಷ್ಟು ಬರ್ಕೊಂಡಿದ್ದಾಳೆ, ನಾಲ್ಕೇ ನಿಮಿಷ ಅಂತೆ ಟೈಮು. ಲೈನ್‌ಮನೆ ಅಣ್ಣ, ನಿಮ್ಮಜ್ಜಿ ಕಥೆಯಿಂದ ಶುರು ಮಾಡ್ಬಹುದಾ ಅಂತ ಕೇಳ್ತಿದ್ದಾಳೆ. ಹೆಸರು ಬೇಡ ಅಂದ್ರೆ ಹೇಳಲ್ಲ.

ಲೈನ್‌ಮನೆ ಮೊಮ್ಮಗ
ಹೇಳ್ಲಿ ಅಕ್ಕ. ಲಕ್ಷ್ಮಿ ಅಂತಾನೇ ಹೇಳ್ಲಿ.

ಕುಶಾಲನಗರ ಸೇತುವೆ
ಕೋವಿದು ಬೇರೆ ಟಾಪಿಕ್ ಹಾಕಿದೀನಿ, ನೋಡಿ ಎಲ್ಲರೂ